ಉಮಾವತಿ ಟೀಚರು ಕೂತ ಪೀಠ

ಉಮಾವತಿ ಟೀಚರಿಗೆ ಸಿಟ್ಟು ಏರಿದಷ್ಟೂ ಮಾತು ಇಳಿಯುತ್ತಿತ್ತು. ಆ ದಿನ ಬೆಳಿಗ್ಗೆಯಿಂದ ಅವರು ಯಾರೊಡನೆಯೂ ತುಟಿ ಬಿಚ್ಚಿರಲಿಲ್ಲ.

ಬೋಳಾರದ ಕಡೆಯ ಒಂದು ಸರಕಾರಿ ಶಾಲೆಗೆ ಅವರು ಹೆಡ್‌ಮಿಸ್. ಆ ಶಾಲೆಯ ಅಂಗಳದಲ್ಲಿ, ಮಕ್ಕಳಿಗೆ ಉಪ್ಪಿಟ್ಟು ಬೇಯಿಸುವ ಕೊಟ್ಟಿಗೆಗೆ ತಾಗಿಕೊಂಡು, ಸಿಮೆಂಟಿನ ಗುಡಿಯೊಂದು ಎದ್ದಿತ್ತು. ಕಟ್ಟಿಸಿದವರು ಕಂಕನಾಡಿಯಲ್ಲಿ ಹೋಟೆಲಿಟ್ಟು ಮೇಲೆ ಬಂದ ಸರ್ವೋತ್ತಮ ಶೆಟ್ಟರು, ಟೀಚರ ಗಂಡನ ಒಡಹುಟ್ಟಿದ ಅಣ್ಣ. ಮುನಿಸಿಪಾಲಿಟಿ ಚುನಾವಣೆಗೆ ನಿಲ್ಲುವ ಆಸೆ ಹುಟ್ಟಿದ್ದೇ ತಡ, ಅವರಿಗೆ ಸರಸ್ವತಿಯ ಮೇಲೆ ಭಕ್ತಿ ಉಕ್ಕಿ ಹರಿಯಿತು. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯ!

ಗುಡಿಗಿಂತಲೂ ಅದರ ಹಿಂದೆಯೇ ಬಂದ ಕಟ್ಟಳೆ ಟೀಚರ ಹೊಟ್ಟೆ ಉರಿಸಿತ್ತು.

"ದೇವರ ಎದುರು ಬ್ಯಾರಿ ಹೆಂಗಸು ಅಡುಗೆ ಮಾಡ್ಲಿಕ್ಕೆ ಆಗ್ತದಾ?" ಎಂದಿದ್ದರು ಶೆಟ್ಟರು. "ಪ್ರತಿಷ್ಠೆ ಆದ ಮೇಲೆ ಅವಳು ಬೇಡ. ಬೇರೆ ಜನ ನಾನು ಇಡ್ತೇನೆ."

ಅವಳು ಎಂದರೆ ಶಾಲೆಯ ಅಡುಗೆಯವಳು ಸಫಿಯಾ, ಮುಸ್ಲಿಮರವಳು. ಗಂಡ ತೀರಿಕೊಂಡ ಮೇಲೆ ಶಾಲೆಯ ಒಲೆ ಉರಿದರೆ ಮಾತ್ರ ಅವಳ ಮನೆಯ ಒಲೆಯೂ ಉರಿಯುತ್ತಿತ್ತು.

ಟೀಚರು ಇಲಾಖೆಗೆ ಹೋಗಿ ಜಗಳವಾಡಿದರು. "ಸರಕಾರಿ ಜಾಗ ಸಾರ್. ಹೋದ ವರ್ಷ ಮೊರಿಸ್ ಮಾಸ್ಟ್ರು ಏಸುವಿನ ಪಟ ತಂದಾಗ ಗೋಡೆಯಿಂದ ಇಳಿಸಿದವಳು ನಾನೇ. ಈಗ ಅವರಿಗೆ ಎಂತ ಮುಖ ತೋರಿಸಲಿ?"

ಅಧಿಕಾರಿ ಪೇಪರ್‌ವೇಟ್ ತಿರುಗಿಸುತ್ತ, "ಅದು ಪಟ ಟೀಚರೇ, ಇದು ದೇವರು," ಎಂದ. ನಾಚಿಕೆಗೆಟ್ಟವನು!

ಇನ್ನು ಏನಿದ್ದರೂ ಪ್ರತಿಷ್ಠೆಗೆ ಮೊದಲೇ ಆಗಬೇಕಿತ್ತು. ಪ್ರಾಣಪ್ರತಿಷ್ಠೆಯಾಗುವ ತನಕ ವಿಗ್ರಹ ಬರೀ ಕಲ್ಲು. ಆದ ಮೇಲೆ ಅದನ್ನು ಕದಲಿಸುವ ಧೈರ್ಯ ಯಾವ ಸರಕಾರಕ್ಕೂ ಬಾರದು. ಶೆಟ್ಟರು ಅದನ್ನೇ ನೆಚ್ಚಿಕೊಂಡಿದ್ದರು.

ಮುಹೂರ್ತದ ಬೆಳಿಗ್ಗೆ ಅಂಗಳದಲ್ಲಿ ತಾಡಪಾಲಿನ ಚಪ್ಪರ, ವಾದ್ಯ, ಕೊಡೆ ಹಿಡಿದ ದೊಡ್ಡ ಮನುಷ್ಯರು. ಸಫಿಯಾ ತನ್ನ ಹಂಡೆ ತಿಕ್ಕಿ ಕವುಚಿಟ್ಟು ಗೇಟಿನ ಹೊರಗೆ ನಿಂತಿದ್ದಳು. ಯಾರೂ ಹೇಳುವ ಮೊದಲೇ ತಾನಾಗಿ ಹೊರಗೆ ಹೋಗಿದ್ದಳಲ್ಲ ಎಂದು ಟೀಚರಿಗೆ ತಡೆಯಲಾರದ ಸಂಕಟವಾಯಿತು. ಭಟ್ಟರು ವಿಗ್ರಹ ಎತ್ತಲು ಹೇಳಿ ತಿರುಗುವಷ್ಟರಲ್ಲಿ ಟೀಚರು ಸೀದಾ ಗುಡಿಯೊಳಗೆ ಹೋಗಿ ಖಾಲಿ ಪೀಠದ ಮೇಲೆ ಕೂತುಬಿಟ್ಟರು. ಅಮ್ಮಾ ಶಾರದೆ, ಜಗಳ ನಿನ್ನೊಡನೆ ಅಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದರು.

ವಾದ್ಯ ನಿಂತಿತು.

"ಏಳು ಉಮಾ! ಮರ್ಲಾ ನಿನಗೆ, ತಲೆ ಕೆಟ್ಟಿದೆಯಾ?" ಶೆಟ್ಟರು ಕಿರುಚಿದರು.

"ಮರ್ಲಲ್ಲ ಭಾವ. ಮುಟ್ಟಾಗಿದ್ದೇನೆ. ಇವತ್ತು ಎರಡನೇ ದಿನ."

ಭಟ್ಟರು ಹಾವು ಕಂಡವರಂತೆ ಹಿಂದಕ್ಕೆ ಹಾರಿದರು. ಟೀಚರಿಗೆ ನಿವೃತ್ತಿ ಹತ್ತಿರ ಬಂದಿತ್ತು; ಮುಟ್ಟು ನಿಂತು ಎಷ್ಟೋ ಕಾಲವಾಗಿತ್ತು. ಶೆಟ್ಟರ ಹೆಂಡತಿ ಜಲಜಾಕ್ಷಿಗೆ ಇದು ಚೆನ್ನಾಗಿ ಗೊತ್ತು. ಶೆಟ್ಟರು ಅವಳತ್ತ ತಿರುಗಿದರು, "ಹೇಳು, ಹೌದಾ ಇದು?"

ಜಲಜಾಕ್ಷಿ ಸೆರಗು ಹೊದ್ದುಕೊಂಡಳು. "ನಾಲ್ಕು ಜನರ ಎದುರು ಹೆಂಗಸರ ವಿಷಯ ಎಂತ ಕೇಳುವುದು ನೀವು? ಅವಳೇ ಹೇಳಿದಳಲ್ಲ."

"ಭಟ್ರೇ, ಎಂತಾದರೂ ಶುದ್ಧ ಮಾಡಿ!"

"ಮಾಡುವಷ್ಟರಲ್ಲಿ ಮುಹೂರ್ತ ಮೀರ್ತದೆ ಶೆಟ್ರೇ. ನಾಳೆ ಸಂಕ್ರಮಣ, ಮತ್ತೆ ಆಟಿ ತಿಂಗಳು. ಶುಭಕಾರ್ಯ ಮಾಡ್ಲಿಕ್ಕಿಲ್ಲ."

ಶೆಟ್ಟರು ಬೆರಳು ತೋರಿಸಿದರು. "ಇನ್ನು ನಮ್ಮ ಮನೆಯ ಮೆಟ್ಟಿಲು ಹತ್ತಬೇಡ ನೀನು."

"ಆ ಮೆಟ್ಟಿಲು ನನಗೆ ಗೊತ್ತುಂಟು. ಮದುವೆಯಾಗಿ ಬಂದಲ್ಲಿಂದ ತಿಂಗಳು ತಿಂಗಳು ನನ್ನನ್ನೂ ಜಲಜಕ್ಕನನ್ನೂ ಅದರ ಕೆಳಗೆ ಕೂರಿಸಿದ್ದೀರಿ. ನಿಮ್ಮ ಅಮ್ಮ ಮೇಲಿನಿಂದ ಅನ್ನ ಹಾಕ್ತಿದ್ದರು, ನಾಯಿಗೆ ಹಾಕಿದ ಹಾಗೆ. ಅಷ್ಟು ವರ್ಷ ಸುಮ್ಮನೆ ಕೂತದ್ದಕ್ಕೆ ಇವತ್ತು ಒಂದು ಪ್ರಯೋಜನ ಆಯ್ತು."

ಜಲಜಾಕ್ಷಿ ತಲೆ ಎತ್ತಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು.

"ಆಟಿ ಮುಗಿಯಲಿ, ನೋಡಿಕೊಳ್ತೇನೆ!" ಎಂದು ಶೆಟ್ಟರು ಕೊಡೆ ಬಿಡಿಸಿದರು.

"ಬನ್ನಿ ಭಾವ. ಆ ದಿನವೂ ನಾನು ಮುಟ್ಟಾಗ್ತೇನೆ."

ಕೊನೆಯ ಕೊಡೆ ಗೇಟು ದಾಟುವವರೆಗೆ ಟೀಚರು ಪೀಠದಿಂದ ಏಳಲಿಲ್ಲ. ಆಮೇಲೆ ಗಂಟಲು ಬಿಚ್ಚಿ ಕೂಗಿದರು, "ಏ ಸಫಿಯಾ, ಅಲ್ಲಿ ನಿಂತು ಎಂತ ನೋಡ್ತಿ? ಒಳಗೆ ಬಾ. ಮಕ್ಕಳಿಗೆ ಹಸಿವಾಗ್ತದೆ, ಒಲೆ ಹಚ್ಚು."