ಫೆಲ್ ಅಯ್ಯನವರ ಏಳು ನಿಮಿಷದ ಬೋಧನೆ

ಇಪ್ಪತ್ತೆರಡು ವರ್ಷ ನಾನು ಕಾಕ್ಸ್‌ಬಿ ಊರಿನ ಚರ್ಚಿನಲ್ಲಿ ಗುಮಾಸ್ತನಾಗಿದ್ದೆ. ಬೋಧನೆ ಮುಗಿದ ಕೂಡಲೇ ಎಲ್ಲರಿಗಿಂತ ಮೊದಲು ಗಟ್ಟಿಯಾಗಿ ‘ಆಮೆನ್’ ಎನ್ನುವುದು ನನ್ನ ಕೆಲಸ. ಪಾದ್ರಿಗಳಾದ ಆಂಬ್ರೋಸ್ ಫೆಲ್ ಅಯ್ಯನವರ ಬೋಧನೆ ಮುಗಿಯಿತೋ ಇಲ್ಲವೋ ಎಂದು ಗೊತ್ತುಮಾಡಿಕೊಳ್ಳುವುದೇ ಅದರಲ್ಲಿ ಕಷ್ಟ. ಅವರ ಒಂದು ವಾಕ್ಯ ಹೊರಟರೆ ಲ್ಯಾಟಿನ್, ಗ್ರೀಕ್ ಎಲ್ಲ ಸುತ್ತಾಡಿ, ಹೊರಟ ಕಾರಣ ಮರೆತು ಮನೆಗೆ ಬರುತ್ತಿತ್ತು. ಊರಿನವರಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಹಾಗಾಗಿ ಅವರ ಮೇಲೆ ಬಹಳ ಗೌರವವಿತ್ತು.

ಎರಡನೆಯ ಜಾರ್ಜ್ ದೊರೆಯ ಕಾಲ ಅದು. ಒಂದು ಚಳಿಗಾಲ ಅಯ್ಯನವರಿಗೆ ಲಂಡನ್ನಿನಿಂದ ಒಂದು ಪುಸ್ತಕ ಬಂತು. ಬರವಣಿಗೆಗೆ ಸರಳತೆಯೇ ಶೋಭೆ ಎಂದು ಯಾರೋ ಪಂಡಿತರು ಅದರಲ್ಲಿ ನಾನೂರು ಪುಟ ಬರೆದಿದ್ದರು. ಅಯ್ಯನವರು ಅದನ್ನು ಎರಡು ಸಲ ಓದಿ, ಇನ್ನು ಮೇಲೆ ಸರಳವಾಗಿ ಬೋಧಿಸುವುದೆಂದು ತೀರ್ಮಾನಿಸಿದರು. ಬರೆದದ್ದನ್ನು ಮೊದಲು ಬಟ್ಟೆ ಒಗೆಯುವ ಡಾರ್ಕಸ್ ಟಿಬ್‌ಗೆ ಓದಿ ಹೇಳುವುದು, ಅವಳಿಗೆ ತಿಳಿಯದ್ದನ್ನು ಹೊಡೆದುಹಾಕುವುದು ಎಂದಾಯಿತು.

ಮೊದಲ ದಿನ ಓದಿ ಮುಗಿಸಿ, ಯಾವ ಮಾತು ತಿಳಿಯಲಿಲ್ಲ ಎಂದು ಕೇಳಿದರು.

“‘ಪ್ರಿಯರೇ’ ಅಂದ್ರಲ್ಲ, ಅದು ತಿಳೀತು ಅಯ್ಯೋರೆ,” ಎಂದಳು ಡಾರ್ಕಸ್. “ಅಲ್ಲಿಂದ ಆಚೆ ನಂಗೆ ದಾರಿ ತಪ್ಪೋಯ್ತು.”

ಆ ಒಂದು ಬೋಧನೆಯನ್ನೇ ತಿದ್ದುತ್ತ ಐದು ವಾರ ಹೀಗೇ ನಡೆಯಿತು. ಒಂದು ಕಡೆ ಹದಿನೆಂಟು ಸಾಲಿನ ವಾಕ್ಯವೊಂದಿತ್ತು; ಗೃಹಧರ್ಮ, ಸಹನೆ, ಅದರ ಮೇರೆ ಎಂದೆಲ್ಲ ಬರುತ್ತಿತ್ತು. ಹಾಗಂದರೇನು ಎಂದು ಡಾರ್ಕಸ್ ಕೇಳಿದಳು. ಗಂಡನ ಏಟು ತಾಳಲಾರದೆ ಮನೆ ಬಿಟ್ಟು ಬಂದರೆ ಹೆಂಗಸಿಗೆ ಪಾಪವಿಲ್ಲ ಎಂದು ಅರ್ಥ ಎಂದರು ಅಯ್ಯನವರು. ಹಾಗಂತಲೇ ಬರೆಯಬಹುದಲ್ಲ ಎಂದು ಅವಳು ಒದ್ದೆ ಬಟ್ಟೆ ಹಿಂಡಿದಳು. ಬರೆದ ಮೇಲೆ ಅಯ್ಯನವರಿಗೆ ಆ ವಾಕ್ಯ ಎಷ್ಟು ಹಿಡಿಸಿತೆಂದರೆ, ಅದರ ಲಯ ನೋಡು ಎಂದು ನನಗೆ ಮೂರು ಸಲ ಓದಿ ತೋರಿಸಿದರು. ಲಯ ಚೆನ್ನಾಗಿತ್ತು.

ಮುಂದಿನ ಭಾನುವಾರ ಆ ಬೋಧನೆ ಏಳು ನಿಮಿಷಕ್ಕೆ ಮುಗಿಯಿತು. ನಾನು ‘ಆಮೆನ್’ ಹೇಳಲು ತಡಮಾಡಿದೆ. ಎಲ್ಲರಿಗೂ ಎಲ್ಲವೂ ತಿಳಿದುಹೋಗಿ, ಎಲ್ಲಿ ನೋಡಬೇಕೆಂದೇ ತೋಚಲಿಲ್ಲ. ಮನೆಗೆ ಹೋದರೆ ಮಾಂಸವಿನ್ನೂ ಬೆಂದಿರಲಿಲ್ಲ ಎಂದು ಜಮೀನುದಾರರು ಸಿಡುಕಿದರು. ಇಷ್ಟನ್ನು ಹೇಳಲು ಕೇಂಬ್ರಿಜ್‌ನಲ್ಲಿ ಓದಿ ಬರಬೇಕಿತ್ತೆ ಎಂದು ರೈತರು ತಮ್ಮತಮ್ಮಲ್ಲೇ ಆಡಿಕೊಂಡರು. ಮರುವಾರದಿಂದ ನಾಲ್ಕು ಮನೆಯವರು ಪಕ್ಕದ ಊರಿನ ಚರ್ಚಿಗೆ ನಡೆದರು. ಅಲ್ಲಿನ ಪಾದ್ರಿ ಏನು ಹೇಳುತ್ತಾರೆಂದು ಅವರ ಹೆಂಡತಿಗೂ ತಿಳಿಯುತ್ತಿರಲಿಲ್ಲ.

ಬೋಧನೆಯಾದ ವಾರದ ಬುಧವಾರವೇ, ಹಿಟ್ಟಿನ ಗಿರಣಿಯ ಗಿಲ್ಬರ್ಟ್ ಹಾಕಿನ್‌ನ ಹೆಂಡತಿ ಸುಸಾನಾ ಅಯ್ಯನವರ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಬಲಗೈಯಲ್ಲಿ ಒಂದು ಗಂಟು. ಎಡಗೈ ಮೇಲೇಳುತ್ತಿರಲಿಲ್ಲ.

“ಭಾನುವಾರ ಹೇಳಿದ್ರಲ್ಲ,” ಎಂದಳು. “ಬಂದಿದೀನಿ.”

ತಾವು ಹೇಳಿದ್ದು ಒಟ್ಟಾರೆಯಾಗಿ, ಲೋಕದ ಮಾತಾಗಿ ಎಂದು ಅಯ್ಯನವರು ಶುರುಮಾಡಿದರು. ಬರೆದದ್ದನ್ನು ಯಾರಾದರೂ ಮಾಡಿಬಿಟ್ಟಾರು ಎಂದು ಅವರಿಗೆ ಹೊಳೆದೇ ಇರಲಿಲ್ಲ.

“ಇಪ್ಪತ್ತೊರ್ಷದಿಂದ ನಿಮ್ಮ ಮಾತು ಕೇಳ್ತಿದೀನಿ ಅಯ್ಯೋರೆ,” ಎಂದಳು ಸುಸಾನಾ. “ನಂಗೇಂತ ಹೇಳಿದ್ದು ಇದೊಂದೇ.”

ಅಯ್ಯನವರು ಒಂದು ಕಡೆಯಿಂದ ನೋಡಿದರೆ ಹೀಗೆ, ಇನ್ನೊಂದು ಕಡೆಯಿಂದ ನೋಡಿದರೆ ಹಾಗೆ ಎಂದು ಬಹಳ ದೂರ ಹೋದರು. ಬಟ್ಟೆಯ ತೊಟ್ಟಿಯ ಹತ್ತಿರವಿದ್ದ ಡಾರ್ಕಸ್ ತಲೆ ಎತ್ತದೆಯೇ ಕೇಳಿದಳು:

“ಪಾಪ ಅಂತೀರೋ, ಪಾಪ ಅಲ್ಲ ಅಂತೀರೋ?”

ಅಯ್ಯನವರ ಮುಖ ಕೆಂಪಾಯಿತು. ಕಡೆಗೆ, “ಪಾಪ ಅಲ್ಲ,” ಎಂದರು.

“ಹಾಗಾದ್ರೆ ಒಳಕ್ ಬಾರಮ್ಮ,” ಎಂದಳು ಡಾರ್ಕಸ್.

ಸುಸಾನಾ ಡಾರ್ಕಸ್‌ಳ ಗುಡಿಸಲಿನಲ್ಲಿ ಉಳಿದಳು. ಗಿಲ್ಬರ್ಟ್ ಬಿಷಪ್ಪರಿಗೆ ದೂರು ಬರೆಸಿದ. ಬೋಧನೆಯ ಪ್ರತಿ ಕೇಳಿಕೊಂಡು ಬಿಷಪ್ಪರ ಅಧಿಕಾರಿಯೊಬ್ಬರು ಕುದುರೆ ಏರಿ ಬಂದರು. ಅಯ್ಯನವರ ಮೇಜಿನ ಮೇಲೆ ಹದಿನೆಂಟು ಸಾಲಿನ ವಾಕ್ಯದ ಹಳೆಯ ಕರಡೂ ಇತ್ತು, ಹೊಸದೂ ಇತ್ತು. ಹಳೆಯದನ್ನು ಕೊಟ್ಟಿದ್ದರೆ ಬಿಷಪ್ಪರಿಗೂ ಗಿಲ್ಬರ್ಟ್‌ಗೂ ಸಮಾಧಾನವಾಗುತ್ತಿತ್ತು. ಬಿಷಪ್ಪರ ದೊಡ್ಡ ಚರ್ಚಿನಲ್ಲಿ ತೆರವಾಗಿದ್ದ ಹುದ್ದೆ, ಒಂಬತ್ತು ವರ್ಷದಿಂದ ಅಯ್ಯನವರು ಆಸೆಪಟ್ಟದ್ದು, ಕೈಗೆ ಬರುತ್ತಿತ್ತು. ಅವರು ಹಳೆಯದರ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟುಕೊಂಡು ಕೂತಿದ್ದರು. ಆಮೇಲೆ ಹೊಸದನ್ನು ಕೊಟ್ಟರು.

ಅಧಿಕಾರಿಗಳು ನಿಂತಲ್ಲೇ ಓದಿ, ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು.

“ಇದಕ್ಕೆ ಬೇರೆ ಅರ್ಥ ಏನಾದ್ರೂ ಇದೆಯೇ?”

“ಇಲ್ಲ,” ಎಂದರು ಅಯ್ಯನವರು. “ನಾನೂ ಹುಡುಕಿ ನೋಡಿದೆ.”

ಹುದ್ದೆ ಪಕ್ಕದ ಊರಿನ ಪಾದ್ರಿಗೆ ಹೋಯಿತು. ಬಿಷಪ್ಪರಿಂದ ನಾಲ್ಕು ಪುಟದ ಕಾಗದ ಬಂತು. ಅಯ್ಯನವರೂ ನಾನೂ ಎರಡು ದಿನ ಓದಿದೆವು. ಕೆಲಸದಿಂದ ತೆಗೆದಿದ್ದಾರೋ ಇಲ್ಲವೋ ಎಂಬುದು ಮಾತ್ರ ತಿಳಿಯಲಿಲ್ಲ. ‘ಹೋಗು’ ಎಂಬ ಮಾತು ಎಲ್ಲೂ ಇಲ್ಲದಿದ್ದರೆ ಇರಬಹುದೆಂದೇ ಲೆಕ್ಕ ಎಂದು ಡಾರ್ಕಸ್ ತೀರ್ಪು ಕೊಟ್ಟಳು. ಅಯ್ಯನವರು ಇದ್ದುಬಿಟ್ಟರು.

ವಸಂತ ಕಾಲದಲ್ಲಿ ಗಿಲ್ಬರ್ಟ್ ಹೆಂಡತಿಯನ್ನು ಕರೆದೊಯ್ಯಲು ಬಂದ. ಅಯ್ಯನವರು ಟೋಪಿಯಿಲ್ಲದೆ ಓಡಿ ಹೋಗಿ ಡಾರ್ಕಸ್‌ಳ ಬೇಲಿಯ ಹತ್ತಿರ ಅಡ್ಡ ನಿಂತರು. ನಾನೂ ಹಿಂದೆಯೇ ಓಡಿದೆ.

“ಅವಳು ಬರಲ್ಲ,” ಎಂದರು.

ಮಿಕ್ಕ ಮಾತಿಗಾಗಿ ಗಿಲ್ಬರ್ಟ್ ಸ್ವಲ್ಪ ಹೊತ್ತು ಕಾದ. ಮಾತೇನೂ ಬರಲಿಲ್ಲ. ಅವನು ಗಿರಣಿಗೆ ಹೊರಟುಹೋದ.