ಗಾಳೆವ್ವನ ಎಂಟು ಎಕರೆ

ಲೋಟಕ್ಕೆ ಸರಪಳಿ ಹಾಕಿ ನೀರಿನ ಡ್ರಮ್ಮಿಗೆ ಕಟ್ಟಿದ್ದಾರೆ, ಇಷ್ಟು ದೊಡ್ಡ ಕೋರ್ಟಿನಲ್ಲಿ, ಇಷ್ಟು ಪೊಲೀಸರ ನಡುವೆ ಆ ಸ್ಟೀಲು ಲೋಟವನ್ನು ಯಾರು ಒಯ್ಯುತ್ತಾರೆ ಎಂದುಕೊಂಡಳು ಗಾಳೆವ್ವ, ಒಂದು ಗುಟುಕು ಕುಡಿದಳು, ಬೆಂಗಳೂರಿನ ನೀರಿಗೆ ರುಚಿಯೇ ಇಲ್ಲ, ಹೊಳೆಆಲೂರಿನಲ್ಲಿ ರೈಲು ಹತ್ತುವಾಗ ತುಂಬಿಕೊಂಡ ಬಾಟಲಿ ಯಾವಾಗಲೋ ಖಾಲಿ, ಬೆಂಚಿನ ಮೇಲೆ ಕೂತರೆ ಕಾಲು ಜೋಮು ಹಿಡಿಯುತ್ತದೆ, ಎದ್ದು ತಿರುಗಿದರೆ ಹೆಸರು ಕರೆದದ್ದು ಕೇಳಿಸದೆ ಹೋದೀತೆಂಬ ದಿಗಿಲು — ಎಲ್ಲೂ ಹೋಗಬ್ಯಾಡ್ರಿ, ಹೆಸರು ಕೂಗ್ತಾರ, ಇದ್ದದ್ದ ಖರೇ ಹೇಳಿಬಿಡ್ರಿ, ಅಷ್ಟ ಸಾಕು ಎಂದು ಹೇಳಿ ಕೆಳಗಿಳಿದ ಲೋಕಾಯುಕ್ತದ ಪೊಲೀಸ ಇನ್ನೂ ಬಂದಿಲ್ಲ. ಖರೇ ಹೇಳುವುದು ಅಷ್ಟೇ ಸಾಕೇ, ಅದೇನು ರೊಟ್ಟಿ ಬಡಿದ ಹಾಗೆಯೇ, ರೋಣದ ಸಾಹೇಬರ ಮನೆಯಲ್ಲಿ ಹದಿನಾಲ್ಕು ವರ್ಷ ಬಡಿದಳಲ್ಲ, ಅವರು ಮಂತ್ರಿಯಾಗುವ ಮೊದಲೂ, ಮಂತ್ರಿಗಿರಿ ಹೋದ ಮೇಲೂ, ಅವಳ ಕೈಯ ಬಿಸಿ ರೊಟ್ಟಿ ತಾಟಿಗೆ ಬೀಳುವ ತನಕ ಅವರು ಪಲ್ಯ ಮುಟ್ಟಿದವರಲ್ಲ, ಈಗ ಅವರ ಮೇಲೆ ಕೇಸು, ಗಳಿಕೆ ಮೀರಿ ಆಸ್ತಿ ಮಾಡಿದ್ದಾರೆ, ಕಂಡಕಂಡವರ ಹೆಸರಿಗೆ ಹೊಲ ಬರೆಸಿ ಇಟ್ಟಿದ್ದಾರೆ ಎಂದು. ಆ ಕಂಡಕಂಡವರಲ್ಲಿ ಅವಳೂ ಒಬ್ಬಳು. ಗಜೇಂದ್ರಗಡದ ಗುಡ್ಡದ ಕೆಳಗೆ ಎಂಟು ಎಕರೆ, ಗಾಳೆವ್ವ ಕೋಂ ಹೊಳಿಯಪ್ಪ ಎಂದು ಹೊಲದ ಉತಾರದಲ್ಲಿ ಅವಳದೇ ಹೆಸರು, ಪೊಲೀಸರು ಓದಿ ಹೇಳಿದ ದಿನ ಅವಳಿಗೆ ನಗು ಬಂದಿತ್ತು, ಯಪ್ಪಾ, ಒಲಿ ಹೂಡಾಕ ಮೂರು ಕಲ್ಲಿನ ಜಾಗಾ ನಂದಂತ ಇಲ್ರಿ, ಎಂಟು ಎಕರೆ ಎಲ್ಲಿಂದ ಬರ್ತೈತ್ರಿ. ಆಮೇಲೆ ನೆನಪಾಯಿತು. ಸಾಹೇಬರ ಕಾರಕೂನ ದಿಲಾವರ ಒಂದು ದಿನ ಹಿಟ್ಟಿನ ಕೈಯಲ್ಲೇ ಎಬ್ಬಿಸಿ ಕಾರಿನಲ್ಲಿ ಕರೆದೊಯ್ದಿದ್ದ, ಯಾವುದೋ ಆಫೀಸು, ಇಲ್ಲಿ ಹೆಬ್ಬಟ್ಟ ಇಡು ಬೇ, ಕ್ಯಾಮರಾ ಕಡೆ ನೋಡು, ಕೇಳಿದ್ರ ಹೂಂ ಅನ್ನು — ಏನಪಾ ಇದು — ಸಾಹೇಬ್ರ ಕೆಲಸಾ. ಸಾಹೇಬರ ಕೆಲಸ ಎಂದ ಮೇಲೆ ಇನ್ನೇನು ಕೇಳುವುದು, ಹೂಂ ಅಂದಳು, ತಿರುಗಿ ಬಂದು ನಾದಿಟ್ಟ ಹಿಟ್ಟನ್ನು ಮತ್ತೊಮ್ಮೆ ನಾದಿದಳು.

ಆದರೆ ಇದೇ ಸಾಹೇಬರಲ್ಲವೇ, ಗಂಡ ಹೊಳಿಯಪ್ಪ ರಕ್ತ ಕಾರಿಕೊಂಡ ದಿನ, ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಅವನನ್ನು ಮಲಗಿಸಿ ಗದಗಿನ ದವಾಖಾನೆಗೆ ಒಯ್ದವರು, ಬಿಳಿ ಸೀಟೆಲ್ಲ ಕೆಂಪಾಗಿ ಅವಳು ಸೆರಗಿನಿಂದ ಒರೆಸುತ್ತಿದ್ದರೆ, ಬಿಡು ಗಾಳೆವ್ವಾ, ಸೀಟು ತೊಳದ್ರ ಹೋಗ್ತೈತಿ, ನೀ ಅವನ ತಲಿ ಹಿಡಕೋ ಅಂದವರು. ಮೂರನೇ ದಿನ ಹೊಳಿಯಪ್ಪ ಹೋದ, ಆ ಮಾತು ಹೋಗಲಿಲ್ಲ. ಮೊನ್ನೆ ಸಾಹೇಬರ ಹೆಂಡತಿ ನಾಗರತ್ನಕ್ಕ ಅವಳ ಮನೆಯ ಹೊಸ್ತಿಲಿಗೇ ಬಂದು ನಿಂತಿದ್ದರು, ಕಣ್ಣು ಬಾತಿದ್ದವು, ಆ ಹೊಲಾ ನಂದ ಅನ್ನು ಗಾಳೆವ್ವಾ, ತವರಮನಿ ಬಂಗಾರ ಮಾರಿ ತಗೊಂಡೀನಿ ಅನ್ನು, ಹೊಲಾನೂ ನಿನಗ ಉಳೀತೈತಿ, ಅವರೂ ಉಳೀತಾರ. ತವರುಮನೆಯ ಬಂಗಾರವಂತೆ, ಅಬ್ಬಿಗೇರಿಯಿಂದ ಅವಳು ತಂದದ್ದು ಎರಡು ಹಿತ್ತಾಳೆ ಕೊಡ. ಅದೇ ದಿನ ಗೋವಾದಿಂದ ಮಗ ಕಳಕೇಶನ ಫೋನು, ಯವ್ವಾ, ನಂದ ಅಂದುಬಿಡಬೇ, ಈ ಇಟ್ಟಂಗಿ ಹೊರೂದು ಸಾಕಾಗೇತಿ, ಎಂಟು ಎಕರೆ ಅಂದ್ರ ನಾ ಊರಿಗಿ ಬರ್ತೀನಿ, ನಮ್ಮ ಹೊಲದಾಗ ದುಡೀತೀನಿ, ನಮ್ಮ ಹೊಲ, ನಮ್ಮ ಹೊಲ ಎಂದು ಎರಡು ಸಲ ಅಂದ, ಎರಡನೇ ಸಲ ಅವನ ದನಿ ಒಡೆದಿತ್ತು.

ಅವನಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಹೋದ ವಾರ ಅವಳು ಆ ಹೊಲಕ್ಕೆ ಹೋಗಿ ಬಂದದ್ದು. ಗಜೇಂದ್ರಗಡದಲ್ಲಿ ಬಸ್ಸಿಳಿದು, ಅವರಿವರನ್ನು ಕೇಳಿ, ಗುಡ್ಡದ ಮೇಲೆ ತಿರುಗುವ ಗಾಳಿಪಂಖಗಳನ್ನು ಗುರುತಿಟ್ಟುಕೊಂಡು ನಡೆದಿದ್ದಳು, ಕಡಲೆ ಮೊಣಕಾಲಿಗೆ ಬಂದಿತ್ತು, ಬದುವಿನ ಮೇಲೆ ಚಪ್ಪಲಿ ಬಿಟ್ಟಳು, ಒಳಗೆ ಕಾಲಿಡಲು ಆಗಲೊಲ್ಲದು, ಅಷ್ಟರಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತದೆಯೇ, ಇಷ್ಟೊತ್ತಿಗಿ ಬಂದೀಯಲ್ಲ ಬೇ, ಬಾ, ಆ ಸಾಲು ಹಿಡಿ. ಗಾಳೆವ್ವ ಸೀರೆ ಎತ್ತಿ ಕಟ್ಟಿ ಸಾಲು ಹಿಡಿದಳು. ಮಧ್ಯಾಹ್ನದವರೆಗೆ ಬಗ್ಗಿದ ಸೊಂಟ ಎತ್ತಲಿಲ್ಲ. ಬೇವಿನ ನೆರಳಿನಲ್ಲಿ ಆ ಹೆಂಗಸು, ಅಡಿವೆವ್ವ ಅಂತೆ, ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟಳು, ಯಾರದವ್ವಾ ಈ ಹೊಲಾ ಎಂದು ಕೇಳಿದರೆ, ಯಾವಾಕಿನೋ ಗಾಳೆವ್ವನ ಹೆಸರಲೇ ಐತಂತವ್ವಾ, ಒಂದಿನಾ ಬಂದಾಕಿ ಅಲ್ಲ, ಸತ್ತಾಳೋ ಇದ್ದಾಳೋ. ನಾನ ಗಾಳೆವ್ವಾ ಅನ್ನಬೇಕೆನಿಸಿತು, ಅನ್ನಲಿಲ್ಲ, ಯಾಕೆ ಅನ್ನಲಿಲ್ಲ, ಅನ್ನಬಹುದಿತ್ತಲ್ಲ — ಗಾಳೆವ್ವ ಕೋಂ ಹೊಳಿಯಪ್ಪಾ! ಕೂಗುತ್ತಿದ್ದಾರೆ, ಎರಡನೇ ಸಲ ಕೂಗುತ್ತಿದ್ದಾರೆ.

ಒಳಗೆ ಕರಿ ಕೋಟುಗಳು, ಸತ್ಯವನ್ನೇ ಹೇಳುತ್ತೇನೆ ಅನ್ನಿ ಎಂದರು, ಅಂದಳು, ಮೇಲೆ ಕೂತ ಜಡ್ಜು ಹೆಣ್ಣುಮಗಳು, ಇವಳು ಜೋಮು ಹಿಡಿದ ಕಾಲು ಎಳೆಯುವುದನ್ನು ನೋಡಿ, ಅಮ್ಮನಿಗೊಂದು ಕುರ್ಚಿ ಹಾಕಿ, ಕೂತ್ಕೊಂಡೇ ಹೇಳಿ ಅಮ್ಮಾ, ಕೂತಳು, ಸರಕಾರಿ ವಕೀಲ ಕೇಳುತ್ತಿದ್ದಾನೆ, ಈ ಜಮೀನು ನೀವು ಕೊಂಡದ್ದಾ, ನಮ್ಮ ಹೊಲ ಎನ್ನುತ್ತಾನೆ ಕಳಕೇಶ, ಅವನ ತಲಿ ಹಿಡಕೋ ಎನ್ನುತ್ತಾರೆ ಸಾಹೇಬರು, ಸತ್ತಾಳೋ ಇದ್ದಾಳೋ ಎನ್ನುತ್ತಾಳೆ ಅಡಿವೆವ್ವ — ಇಲ್ರಿ, ಎಂದಳು ಗಾಳೆವ್ವ, ನಾ ಕೊಂಡಿಲ್ರಿ, ನಾ ಆ ಹೊಲದಾಗ ಒಂದೊಪ್ಪತ್ತು ಕಳೆ ಕಿತ್ತೀನ್ರಿ, ಅಷ್ಟ, ಅದು ನಂದಲ್ರಿ. ಅಂದಾಯಿತು, ಮಗ ಇನ್ನು ಬರುವುದಿಲ್ಲ. ಹಾಗಾದರೆ ಯಾರ ಕೆಲಸ ಅಂತ ಹೆಬ್ಬೆಟ್ಟು ಒತ್ತಿದಿರಿ, ಎಂದ ವಕೀಲ, ಅವರು ಇಲ್ಲಿದ್ದಾರಾ, ತೋರಿಸಿ. ಬೆರಳು ಮಾಡಲಾಗದೆ ಇಡೀ ಕೈ ಚಾಚಿದಳು, ಕಟಕಟೆಯ ಹಿಂದಿನ ಬೆಂಚಿನಿಂದ ಸಾಹೇಬರು ಎದ್ದರು, ಸೊರಗಿದ್ದಾರೆ, ಓಟು ಕೇಳಿ ಕೇಳಿ ರೂಢಿಯಾದ ಕೈ ತಾನಾಗಿಯೇ ಮುಗಿದುಕೊಂಡಿತು, ಅವಳತ್ತಲೇ, ಹದಿನಾಲ್ಕು ವರ್ಷ ಅವರ ಮುಂದೆ ಒಮ್ಮೆಯೂ ಕೂತವಳಲ್ಲ, ಏಳಬೇಕು, ಕುರ್ಚಿಯ ಕೈ ಹಿಡಿದಳು, ಕೂತಿರಿ ಅಮ್ಮಾ, ಏಳ್ಬೇಡಿ ಎಂದರು ಜಡ್ಜು, ಕೂತಳು, ಅವರು ನಿಂತಿದ್ದಾರೆ, ಮುಂದಿನ ಪ್ರಶ್ನೆ ಯಾರೋ ಕೇಳುತ್ತಿದ್ದಾರೆ, ಅವರು ನಿಂತಿದ್ದಾರೆ, ಕೈ ಮುಗಿದುಕೊಂಡು, ಅವಳು ಕೂತಿದ್ದಾಳೆ.