ತಾಮ್ರದ ದೇಗ್

ಅಕ್ಕಿ ಮುಕ್ಕಾಲು ಬೆಂದಿತ್ತು. ಶಕೀಲಾ ಗಂಜಿ ಬಸಿದು, ತಾಮ್ರದ ದೇಗಿನಲ್ಲಿದ್ದ ಮಟನ್ ಮೇಲೆ ಅನ್ನ ಹರಡಿ, ಮುಚ್ಚಳದ ಸುತ್ತ ಹಿಟ್ಟು ಮೆತ್ತಿದಳು. ಬಲಗೈ ಮಣಿಕಟ್ಟು ಬೆಳಗಿನಿಂದಲೇ ನೋವಿನಿಂದ ಮಿಡಿಯುತ್ತಿತ್ತು.

ಪ್ರತಿ ಭಾನುವಾರ ಗಂಡನ ಅಣ್ಣನ ಮಗ ಅಬ್ರಾರ್ ಊರು ನೋಡಲು ಬಂದವರನ್ನು ಶಿವಾಜಿನಗರ ಸುತ್ತಿಸುತ್ತಾನೆ. ರಸೆಲ್ ಮಾರ್ಕೆಟ್ಟು, ಚರ್ಚು, ಹಳೇ ಮಸೀದಿ, ನಡುವೆ ಒಂದು ಸುಲೈಮಾನಿ ಚಹಾ, ಕೊನೆಗೆ ಚಾಚಿ ಶಕೀಲಾಳ ಮನೆಯ ಬಿರಿಯಾನಿ. ಖಾಲಿ ದೇಗೇ ಹನ್ನೆರಡು ಕಿಲೋ. ಹೀಗೇ ಎತ್ತುತ್ತಿದ್ದರೆ ಆಪರೇಷನ್ನೇ ಗತಿ ಎಂದು ಡಾಕ್ಟರಮ್ಮ ಹೇಳಿದ್ದರು. ಎರಡು ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಮಾಡಲೇ ಎಂದು ಶಕೀಲಾ ಕೇಳಿಯೂ ಇದ್ದಳು.

"ಅದು ಅವರ ಮನೇಲೂ ಇರುತ್ತೆ ಚಾಚಿ. ಅದನ್ನ ನೋಡೋಕೆ ಯಾರು ಮೆಟ್ಟಿಲು ಹತ್ತಿ ಬರ್ತಾರೆ?" ಎಂದು ಅಬ್ರಾರ್ ನಕ್ಕಿದ್ದ. ಗಂಡ ಬಷೀರ್, ಹುಡುಗನ ಹೊಸ ಕಸುಬು, ಇನ್ನೊಂದೆರಡು ತಿಂಗಳು ಸಹಿಸು ಎಂದಿದ್ದ. ಹಾಗೆಂದು ಎಂಟು ತಿಂಗಳಾಗಿತ್ತು.

ಹನ್ನೊಂದು ಜನ ಬಂದರು, ಉಂಡರು. ಅಬ್ರಾರ್ ದೇಗನ್ನು ತೋರಿಸಿ, ಮುತ್ತಜ್ಜಿ ರಿಚರ್ಡ್ಸ್ ಟೌನಿನ ಬಂಗಲೆಯೊಂದಕ್ಕೆ ಇದರಲ್ಲೇ ಅಡುಗೆ ಮಾಡಿ ಕಳಿಸುತ್ತಿದ್ದಳೆಂದು ಹೇಳಿದ. ಕಥೆ ವಾರವಾರ ಬೆಳೆಯುತ್ತಿತ್ತು. ಇವತ್ತು ಒಂದು ಕುದುರೆಗಾಡಿಯೂ ಸೇರಿಕೊಂಡಿತ್ತು. ಕಲಬುರಗಿಯಿಂದ ಬಂದಿದ್ದ ವಯಸ್ಸಾದ ಭಗವಂತರಾಯರು ತೋಳು ಮಡಿಚಿ ದೇಗನ್ನು ಎತ್ತಲು ಹೋಗಿ, ಅರ್ಧಕ್ಕೇ ಇಳಿಸಿ, ಉಸ್ಸೆಂದು ಕೂತರು. ಎಲ್ಲರಿಗೂ ನಗು.

"ಚಾಚಿ, ನೀವು ಎತ್ತಿ ತೋರಿಸಿ," ಎಂದ ಅಬ್ರಾರ್. ಫೋನುಗಳು ಮೇಲೆದ್ದವು.

ಎತ್ತಿದಳು. ಮೊಣಕೈವರೆಗೂ ಬೆಂಕಿ ಹರಿದಂತಾಯಿತು. ಯಾರದೋ ಫೋಟೋ ಸರಿ ಬರಲಿಲ್ಲವೆಂದು ಇನ್ನೊಮ್ಮೆ ಎತ್ತಿಸಿದರು. ಭಗವಂತರಾಯರು ಮಾತ್ರ ನಗು ನಿಲ್ಲಿಸಿ, "ಸಾಕು ಬಿಡ್ರೀ, ಆಕಿ ಮುಖ ನೋಡ್ರಿ," ಎಂದರು. ಅವರ ಮಾತು ಅಬ್ರಾರನಿಗೆ ಕೇಳಿಸಿತೋ ಇಲ್ಲವೋ.

ಎಲ್ಲರೂ ಹೊರಟ ಮೇಲೆ ಶಕೀಲಾ ದೇಗನ್ನು ಉರುಳಿಸಿಕೊಂಡೇ ಬಚ್ಚಲಿಗೆ ಒಯ್ದು, ಎಡಗೈಯಲ್ಲಿ ಉಜ್ಜಿದಳು. ಮುಂದಿನ ವಾರ ಹದಿನಾರು ಜನ ಎಂದು ಅಬ್ರಾರ್ ಮೆಟ್ಟಿಲಿನಿಂದ ಕೂಗಿ ಹೇಳಿದ. ಆಯ್ತು ಎಂದಳು.

ಈ ಎಂಟು ತಿಂಗಳಲ್ಲಿ ಬಂದವರಾಗಲಿ ಅಬ್ರಾರ್ ಆಗಲಿ ದೇಗನ್ನು ಒಲೆಯ ಮೇಲೆ ಒಮ್ಮೆಯೂ ನೋಡಿರಲಿಲ್ಲ. ಅವರು ನೋಡಿದ್ದು ನಡುಮನೆಯ ಚಾಪೆಯ ಮೇಲೆ ಮಾತ್ರ. ಅಲ್ಲೇ ಇರಲಿ ಹಾಗಾದರೆ. ನಸುಕಿನಲ್ಲೇ ಎರಡು ಹಗುರ ಪಾತ್ರೆಗಳಲ್ಲಿ ಬೇಯಿಸಿ, ಅವರು ಮೆಟ್ಟಿಲು ಹತ್ತುವ ಮುಂಚೆ ಬಟ್ಟಲು ಬಟ್ಟಲಾಗಿ ತಂದು ಸುರಿದರಾಯಿತು. ಎತ್ತಿ ತೋರಿಸಬೇಕಾದರೆ ಅಬ್ರಾರನೇ ಎತ್ತಲಿ.

ತೊಳೆದ ದೇಗನ್ನು ಮತ್ತೆ ಉರುಳಿಸಿ ತಂದು ಚಾಪೆಯ ಮೇಲೆ ನಿಲ್ಲಿಸಿದಳು. ಒಳಗೆ ಯಾಕೆ ಇಡಲಿಲ್ಲ ಎಂದು ಬಷೀರ್ ಕೇಳಿದ.

"ಒಣಗಲಿ," ಎಂದಳು.